ಎದುರುಮನೆಯ ನೋಟ

ನಮ್ಮೂರಿನಲ್ಲಿ ಮದುಮಗಳಿಗೆ ಮದುವೆಯ ಹಿಂದಿನ ದಿನವೇ ಪೂರ್ತಿ ಅಲಂಕಾರ ಮಾಡಿ, ಒಂದು ಗಳಿಗೆ ಕೂರಿಸಿ, ಮತ್ತೆ ಎಲ್ಲವನ್ನೂ ಬಿಚ್ಚಿಡುತ್ತಾರೆ. ಹಾಗೆ ಮಾಡದಿದ್ದರೆ ಮದುವೆಯ ದಿನ ನಾನು ತೆಗೆಯುವ ಫೋಟೋದಲ್ಲಿ ಅವಳು ಹಳೆಯ ನೈಟಿ ಹಾಕಿಕೊಂಡು, ತಲೆಗೆ ಎಣ್ಣೆ ಮೆತ್ತಿಕೊಂಡು ಗಂಡಿನ ಪಕ್ಕ ನಿಂತಿರುತ್ತಾಳೆ. ನನ್ನ ಹೆಸರು ಭುಜಂಗ, ಊರಿಗಿರುವ ಒಂದೇ ಫೋಟೋ ಸ್ಟುಡಿಯೋ ನನ್ನದು. ಇಲ್ಲಿನ ಗಾಜಿಗೆ ಸ್ವಲ್ಪ ಸೋಮಾರಿತನ, ಅಷ್ಟೇ. ಕನ್ನಡಿಯಾಗಲಿ ಕ್ಯಾಮೆರಾ ಆಗಲಿ, ಎದುರಿಗೆ ನಿಂತವರನ್ನೇ ತೋರಿಸುತ್ತದೆ, ಆದರೆ ನಿನ್ನೆ ಅವರು ಹೇಗಿದ್ದರೋ ಹಾಗೆ. ಗಾಜು ಹಳತಾದಷ್ಟೂ, ಅದರಲ್ಲಿ ಮುಖ ನೋಡಿಕೊಂಡವರು ಹೆಚ್ಚಾದಷ್ಟೂ ಆ ಸೋಮಾರಿತನ ಬೆಳೆಯುತ್ತ ಹೋಗುತ್ತದೆ. ನಮ್ಮ ಮುದುಕರಿಗೆ ಹಳೆಯ ಕನ್ನಡಿಯೆಂದರೆ ಪ್ರಾಣ. ಬಿದ್ದುಹೋದ ಹಲ್ಲು ಅದರಲ್ಲಿ ಇನ್ನೂ ಗಟ್ಟಿಯಾಗಿ ಕೂತಿರುತ್ತದೆ.

ಇವತ್ತಿನ ಮುಖ ಹೇಗಿದೆ ಎಂದು ತಿಳಿಯಲು ನಮ್ಮಲ್ಲಿ ಎದುರುಮನೆಯ ನೋಟ ಎಂಬ ಪದ್ಧತಿ ಇದೆ. ಬೆಳಿಗ್ಗೆ ಸ್ನಾನ ಮುಗಿಸಿ ಹೊಸ್ತಿಲಲ್ಲಿ ನಿಲ್ಲಬೇಕು. ಎದುರುಮನೆಯವರು ನೆತ್ತಿಯಿಂದ ಸೀರೆಯ ಅಂಚಿನವರೆಗೆ ಒಮ್ಮೆ ಕಣ್ಣಾಡಿಸಿ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಬೊಟ್ಟು ಓರೆಯಾಗಿದೆ, ಗುಂಡಿ ತಪ್ಪಿದೆ, ಕಣ್ಣು ಬಾತಿದೆ, ರಾತ್ರಿ ಅತ್ತಿದ್ದೀಯಾ ಎಂದು ಹೇಳಬಹುದು. ಕೂಡಿಸಿ ಹೇಳುವಂತಿಲ್ಲ, ಕಳೆದು ಹೇಳುವಂತಿಲ್ಲ, ಕೇಳಿದವರು ಸಿಟ್ಟು ಮಾಡಿಕೊಳ್ಳುವಂತಿಲ್ಲ. ಜಗಳವಾಡಿ ಮಾತು ಬಿಟ್ಟವರೂ ನೋಟ ಬಿಡುವುದಿಲ್ಲ. ಮುಖ ಗಂಟು ಹಾಕಿಕೊಂಡೇ "ಸೆರಗು ಹರಿದಿದೆ" ಎಂದು ಹೇಳಿ ಒಳಗೆ ಹೋಗುತ್ತಾರೆ. ಯಾರಾದರೂ ನೋಟ ನಿಲ್ಲಿಸಿದರು ಎಂದರೆ ಬೀದಿಯವರೆಲ್ಲ ದನಿ ತಗ್ಗಿಸಿ ಮಾತಾಡುತ್ತಾರೆ.

ಪಂಕಜಾಕ್ಷಿ ನೋಟ ನಿಲ್ಲಿಸಿದ ಕಥೆಯನ್ನೇ ನಾನು ಹೇಳಲು ಹೊರಟಿರುವುದು. ಅವಳು ನಮ್ಮ ಬೀದಿಯ ಟೈಲರ್. ಮದುವೆಯ ಗೊಡವೆಗೆ ಹೋಗದೆ, ಕಾಲಿನಲ್ಲಿ ತುಳಿಯುವ ಹೊಲಿಗೆ ಯಂತ್ರವನ್ನೇ ಕಟ್ಟಿಕೊಂಡವಳು. ಕನ್ನಡಿಯ ಹಂಗಿಲ್ಲದೆ ಅಳತೆ ಹಿಡಿಯುವುದರಲ್ಲಿ ಎತ್ತಿದ ಕೈ. ಬಾಯಿ ಸ್ವಲ್ಪ ಜೋರು. ಮೋಟಾರ್ ಹಾಕಿಸಿಕೋ ಎಂದವರಿಗೆಲ್ಲ "ನನ್ನ ಕಾಲು ಬಿದ್ದುಹೋದ ಮೇಲೆ ಹಾಕಿಸ್ತೀನಿ, ಈಗ ದಾರಿ ಬಿಡಿ" ಎನ್ನುತ್ತಿದ್ದಳು. ಎದುರುಮನೆಯ ಚಂಪಕ್ಕ ಕೊಬ್ಬರಿ ಮಿಠಾಯಿ ಮಾಡಿ ಅಂಗಡಿಗಳಿಗೆ ಹಾಕುವವಳು. ಇಬ್ಬರೂ ಈ ಬೀದಿಗೆ ಬಂದಾಗಿನಿಂದ ಒಬ್ಬರಿಗೊಬ್ಬರು ನೋಟ ಹೇಳಿಕೊಂಡೇ ತಲೆ ನರೆಸಿಕೊಂಡರು. ಮೊದಲ ನರೆಗೂದಲನ್ನು ಪಂಕಜಾಕ್ಷಿಗೆ ಹೇಳಿದವಳೂ ಚಂಪಕ್ಕನೇ, ಹೇಳಿ ಬೈಸಿಕೊಂಡವಳೂ ಅವಳೇ.

ಪಂಕಜಾಕ್ಷಿಗೆ ಸಕ್ಕರೆ ಕಾಯಿಲೆ ಶುರುವಾದಾಗ ಊರಿನಲ್ಲಿ ಡಾಕ್ಟರಿರಲಿಲ್ಲ. ಹತ್ತಿರದ ಆಸ್ಪತ್ರೆಗೆ ಹೋಗಬೇಕಾದರೆ ಘಟ್ಟ ಇಳಿಯಬೇಕು, ಹೋಗಿ ಬರುವುದರಲ್ಲಿ ದಿನ ಕಳೆದುಹೋಗುತ್ತದೆ. ಅದಕ್ಕೇ ಊರಲ್ಲಿ ಅರ್ಧಕ್ಕರ್ಧ ಜನ ಶುಗರ್ ಇಟ್ಟುಕೊಂಡು ಕಷಾಯ ಕುಡಿಯುತ್ತ ಕೂತಿದ್ದರು. ಒಂದು ದಿನ ಊರೂರು ತಿರುಗುವ ನರ್ಸ್ ಸಿಸ್ಟರ್ ಎಸ್ತರ್ ಬೈಕಿನಲ್ಲಿ ಒಂದು ಪೆಟ್ಟಿಗೆ ತಂದಳು. ಅದರಲ್ಲಿ ಒಂದು ಟ್ಯಾಬ್, ಜೊತೆಗೆ ತೋಳಿಗೆ ಅಂಟಿಸಿಕೊಳ್ಳುವ ಪುಟ್ಟ ಬಿಲ್ಲೆಗಳು. ಬಿಲ್ಲೆ ಮೈಯೊಳಗಿನ ಸಕ್ಕರೆಯನ್ನು ತಾನೇ ಅಳೆದು ಲೆಕ್ಕವನ್ನು ದೂರದ ನಗರದಲ್ಲಿರುವ ಡಾಕ್ಟರಿಗೆ ಕಳಿಸುತ್ತದೆ. ವಾರಕ್ಕೊಮ್ಮೆ ಟ್ಯಾಬಿನ ಮುಂದೆ ಕೂತರೆ ಡಾಕ್ಟರ್ ಇಂದುಶೇಖರ್ ಅದರೊಳಗೆ ಬಂದು ಮಾತಾಡಿಸುತ್ತಾರೆ, ಔಷಧಿ ಹೇಳುತ್ತಾರೆ. ಇದನ್ನೆಲ್ಲ ಇಡಲು ನನ್ನ ಸ್ಟುಡಿಯೋ ಆಯ್ಕೆಯಾಯಿತು. ಮದುಮಕ್ಕಳು ಬಟ್ಟೆ ಬದಲಿಸುವ ಪರದೆಯ ಕೋಣೆ ಇದ್ದದ್ದು ನನ್ನಲ್ಲಿ ಮಾತ್ರ.

ಆ ಟ್ಯಾಬಿನ ಗಾಜು ಹೊಸದು. ಮೂಲೆಯ ಪುಟ್ಟ ಚೌಕದಲ್ಲಿ ಎದುರಿಗೆ ಕೂತವರ ಮುಖ ಕಾಣುತ್ತಿತ್ತು, ಅದೂ ಇವತ್ತಿನ ಮುಖ. ಸುದ್ದಿ ಹಬ್ಬಿದ್ದೇ ತಡ, ಸಕ್ಕರೆ ಕಾಯಿಲೆ ಇಲ್ಲದವರೂ ಸಾಲು ನಿಂತರು. ಡಾಕ್ಟರು ಪಾಪ "ಊಟ ಆಯ್ತಾ, ಮಾತ್ರೆ ತಗೊಂಡ್ರಾ" ಎಂದು ಕೇಳುತ್ತಿದ್ದರೆ ಇವರು ಮೂಲೆಯ ಚೌಕ ನೋಡುತ್ತ ಮೀಸೆ ತಿರುವುತ್ತಿದ್ದರು. ಅಂಚೆಯ ಹುಚ್ಚೇಗೌಡರಂತೂ ತಮ್ಮ ಇವತ್ತಿನ ಮುಖ ನೋಡಿ "ಇಷ್ಟೇನಾ?" ಎಂದು ಬೇಜಾರು ಮಾಡಿಕೊಂಡು ಎದ್ದು ಹೋದರು. ಕೊನೆಗೆ ಎಸ್ತರ್ ತಾಳ್ಮೆ ಕೆಟ್ಟು, ಗಾಯಕ್ಕೆ ಅಂಟಿಸುವ ಪ್ಲಾಸ್ಟರ್ ಒಂದನ್ನು ಆ ಚೌಕದ ಮೇಲೆ ಮೆತ್ತಿದಳು. "ಇನ್ನು ಡಾಕ್ಟ್ರನ್ನ ನೋಡಿ" ಎಂದಳು. ಸಾಲು ಕರಗಿತು, ಕಾಯಿಲೆಯವರು ಉಳಿದರು. ಎಸ್ತರ್ ಬೇರೆ ಊರುಗಳಿಗೂ ಹೋಗಬೇಕಾಗಿದ್ದರಿಂದ ಬರುವುದು ಅಪರೂಪವಾಯಿತು. ಟ್ಯಾಬ್ ಹಾಕಿಕೊಡುವುದು ನನ್ನ ಕೆಲಸ, ಆಮೇಲೆ ಪರದೆ ಎಳೆದು ಹೊರಗೆ ಕೂರುತ್ತಿದ್ದೆ.

ಪರದೆ ಬೇಕಾಗಿದ್ದದ್ದು ಮುಖ್ಯವಾಗಿ ಪಾದದ ಸಲುವಾಗಿ. ಸಕ್ಕರೆ ಕಾಯಿಲೆಯವರಿಗೆ ಅಂಗಾಲು ಜೋಮು ಹಿಡಿದು ಗಾಯವಾದರೂ ತಿಳಿಯುವುದಿಲ್ಲವಂತೆ, ದಿನಾ ಕನ್ನಡಿ ಹಿಡಿದು ಅಂಗಾಲು ನೋಡಿಕೊಳ್ಳಬೇಕಂತೆ. ಎಸ್ತರ್ ಇದನ್ನು ಹೇಳಿದಾಗ ಊರಿಗೆ ಊರೇ ನಕ್ಕಿತು. ನಮ್ಮ ಕನ್ನಡಿ ಹಿಡಿದರೆ ಹೋದ ವರ್ಷದ ಅಂಗಾಲು ಕಾಣುತ್ತದೆ. ಎದುರುಮನೆಯವರಿಗೆ ಅಂಗಾಲು ತೋರಿಸುವುದು ಮರ್ಯಾದೆಯಲ್ಲ, ನೋಟ ಸೀರೆಯ ಅಂಚಿಗೇ ಮುಗಿಯಬೇಕು. ಆದ್ದರಿಂದ ವಾರಕ್ಕೊಮ್ಮೆ ಪರದೆಯೊಳಗೆ ಕಾಲನ್ನು ಸ್ಟೂಲಿನ ಮೇಲಿಟ್ಟು ಟ್ಯಾಬಿಗೆ ಅಂಗಾಲು ತೋರಿಸುವುದು ಎಂದಾಯಿತು. ಹೊರಗಿನ ಯಂತ್ರ, ನೇರ ಆಕಾಶಕ್ಕೆ ಸಂಪರ್ಕ ಇರುವಂಥದ್ದು, ಇದಕ್ಕೆ ನಮ್ಮೂರಿನ ಸೋಮಾರಿತನ ತಟ್ಟುವುದಿಲ್ಲ ಎಂದು ಎಲ್ಲರೂ ನಂಬಿದ್ದೆವು. ಊರಿನವರೆಲ್ಲ ಮೂರು ಹೊತ್ತೂ ಅದರಲ್ಲಿ ಮುಖ ನೋಡಿಕೊಂಡದ್ದನ್ನು ಮರೆತೇಬಿಟ್ಟಿದ್ದೆವು.

ಮೊದಲ ಕೆಲವು ತಿಂಗಳು ಪಂಕಜಾಕ್ಷಿಯ ಸಕ್ಕರೆ ಹೇಳಿದ ಮಾತು ಕೇಳಿತು. ಡಾಕ್ಟರು ಶಹಬ್ಬಾಸ್ ಎಂದರು. ಅವಳು ಬೀದಿಯಲ್ಲಿ ಬಿಲ್ಲೆ ಕಾಣುವ ಹಾಗೆ ರವಿಕೆಯ ತೋಳು ಗಿಡ್ಡ ಮಾಡಿ ಹೊಲಿದುಕೊಂಡು ಓಡಾಡಿದಳು. ಆಮೇಲೆ ಇದ್ದಕ್ಕಿದ್ದಂತೆ ಸಕ್ಕರೆ ಏರತೊಡಗಿತು. ಔಷಧಿ ಹೆಚ್ಚಿಸಿದರು, ಆದರೂ ಏರಿತು. ಪರದೆಯ ಹೊರಗೆ ನನಗೆ ಅವರ ಮಾತು ಕೇಳುತ್ತಿತ್ತು.

"ಪಂಕಜಾಕ್ಷಿಯವರೇ, ಸಿಹಿ ಏನಾದರೂ ತಿಂತಿದ್ದೀರಾ? ಬೈಯಲ್ಲ, ಹೇಳಿ."

"ನನ್ನ ಯಂತ್ರದ ಮೇಲಾಣೆ ಡಾಕ್ಟ್ರೆ. ಮುದ್ದೆ, ಸೊಪ್ಪಿನ ಸಾರು. ಕಾಫಿಗೂ ಸಕ್ಕರೆ ಇಲ್ಲ."

"ಎದುರುಮನೆಯಲ್ಲೇ ಮಿಠಾಯಿ ಮಾಡ್ತಾರಂತಲ್ಲ? ಅದಕ್ಕೇ ಕೇಳಿದೆ."

ಆ ಮಾತು ಅವಳಿಗೆ ಎಲ್ಲಿ ತಾಗಬೇಕೋ ಅಲ್ಲೇ ತಾಗಿತು. ಚಂಪಕ್ಕನೇ ಎಸ್ತರಳ ಮೂಲಕ ಡಾಕ್ಟರಿಗೆ ಚಾಡಿ ಹೇಳಿದ್ದಾಳೆ ಎಂದು ಅವಳು ತೀರ್ಮಾನಿಸಿದಳು. ನಿಜವಾಗಿ ಎಸ್ತರಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಪಾಕದ ಘಮ ಬೀದಿಯ ತುದಿಯವರೆಗೂ ಬರುತ್ತದೆ. ಆದರೆ ಪಂಕಜಾಕ್ಷಿ ಕೇಳುವ ಸ್ಥಿತಿಯಲ್ಲಿರಲಿಲ್ಲ. ನಾಲಗೆ ಕಟ್ಟಿಕೊಂಡು ಬದುಕುತ್ತಿದ್ದವಳನ್ನು ಕಳ್ಳಿ ಎಂದ ಹಾಗಾಗಿತ್ತು. ಸ್ಟುಡಿಯೋದಿಂದ ನೇರ ಹೋಗಿ ಚಂಪಕ್ಕನ ಬಾಗಿಲಲ್ಲಿ ನಿಂತಳು.

"ಇಷ್ಟು ವರ್ಷ ಮೈಮೇಲಿದ್ದದ್ದು ಹೇಳ್ತಿದ್ದೆ. ಈಗ ಹೊಟ್ಟೆಯೊಳಗೆ ಏನು ಹೋಗ್ತದೆ ಅನ್ನೋದನ್ನೂ ಊರಿಗೆ ಹೇಳೋಕೆ ಶುರು ಮಾಡಿದ್ದೀಯಾ?"

"ಏನೇ ನಿಂದು? ನಾನ್ಯಾರಿಗೆ ಏನ್ ಹೇಳಿದೆ?"

"ಸಾಕು. ನಾಳೆಯಿಂದ ನಿನ್ನ ಕಣ್ಣು ನನಗೆ ಬೇಡ."

ಮರುದಿನ ಬೆಳಿಗ್ಗೆ ಚಂಪಕ್ಕ ಎಂದಿನಂತೆ ಬಾಗಿಲಿಗೆ ಬಂದಳು. ಎದುರಿನ ಹೊಸ್ತಿಲು ಖಾಲಿ ಇತ್ತು. ಪಂಕಜಾಕ್ಷಿ ಹಿಂದಿನ ಬಾಗಿಲಿನಿಂದ ನೀರು ತರಲು ಹೋಗಿದ್ದಳು. ಚಂಪಕ್ಕ ಬಹಳ ಹೊತ್ತು ಅಲ್ಲೇ ನಿಂತಿದ್ದು, ಒಲೆಯ ಮೇಲಿನ ಪಾಕ ಸೀದ ವಾಸನೆ ಬಂದ ಮೇಲೆ ಒಳಗೆ ಹೋದಳು.

ಅಲ್ಲಿಂದ ಮುಂದೆ ಪಂಕಜಾಕ್ಷಿ ಬೊಟ್ಟನ್ನು ಅಂದಾಜಿನಲ್ಲೇ ಇಟ್ಟುಕೊಂಡಳು, ಅದು ಒಂದೊಂದು ದಿನ ಒಂದೊಂದು ದಿಕ್ಕಿಗೆ ಹೋಗುತ್ತಿತ್ತು. ಯಾರೂ ಹೇಳಲಿಲ್ಲ. ಒಬ್ಬರ ನೋಟವನ್ನು ಇನ್ನೊಬ್ಬರು ಹೇಳುವ ರೂಢಿ ನಮ್ಮಲ್ಲಿಲ್ಲ. ಒಂದು ಮಧ್ಯಾಹ್ನ ಚಂಪಕ್ಕ ಸ್ಟುಡಿಯೋಗೆ ಬಂದು, ಬೇಕೆಂದೇ ಗೋಡೆಯ ಫೋಟೋಗಳನ್ನು ನೋಡುತ್ತ ನಿಂತಳು.

"ಭುಜಂಗ, ಡಾಕ್ಟ್ರು ಅವಳ ಕಾಲು ನೋಡ್ತಾರಾ?"

"ವಾರ ವಾರ ನೋಡ್ತಾರಲ್ಲ. ಶುದ್ಧವಾಗಿದೆ ಅಂದರು, ಮೊನ್ನೆಯೂ ಕೇಳಿಸ್ಕೊಂಡೆ."

"ಹಂಗಾ? ಅವಳು ಎಡಗಾಲು ಊರೋದು ಸರಿ ಇಲ್ಲ ಕಣೋ. ಹಿಂದಿನ ಬಾಗಿಲಲ್ಲಿ ಬಂದರೂ ನಡಿಗೆ ಕಾಣ್ತದೆ."

"ಡಾಕ್ಟ್ರಿಗಿಂತ ನಿಮಗೆ ಹೆಚ್ಚು ಕಾಣ್ತದಾ ಚಂಪಕ್ಕ?" ಎಂದು ನಾನು ನಕ್ಕೆ. ಅವಳೂ ನಕ್ಕ ಹಾಗೆ ಮಾಡಿ ಹೋದಳು.

ಅದಾದ ಮೇಲಿನ ವಾರ ಪಂಕಜಾಕ್ಷಿ ಸ್ಟುಡಿಯೋಗೆ ಬಂದಾಗ ಮುಖ ಬಾಡಿತ್ತು. ಮೈ ಬಿಸಿಯಾಗಿದೆ, ರಾತ್ರಿ ಚಳಿ ಬಂದಿತ್ತು ಎಂದಳು. ಟ್ಯಾಬ್ ಹಾಕಿಕೊಟ್ಟು ಪರದೆ ಎಳೆದೆ. ಡಾಕ್ಟರ ದನಿಯಲ್ಲಿ ಮೊದಲ ಸಲ ಚಿಂತೆ ಕೇಳಿಸಿತು. ಸಕ್ಕರೆ ಬಹಳ ಮೇಲೆ ಹೋಗಿದೆ, ಹೀಗೇ ಆದರೆ ದಾಖಲಾಗಬೇಕಾಗುತ್ತದೆ, ಪಾದ ತೋರಿಸಿ ಎಂದರು. ಸ್ಟೂಲು ಎಳೆದ ಸದ್ದಾಯಿತು.

"ಪಾದ ಚೆನ್ನಾಗೇ ಇದೆ. ಎಲ್ಲಿಂದ ಏರ್ತಿದೆ ಇದು?" ಎಂದು ಅವರು ತಮಗೆ ತಾವೇ ಹೇಳಿಕೊಂಡರು. ಆಮೇಲೆ, ಮಾತು ಹಗುರ ಮಾಡಲು ಇರಬೇಕು, "ಅಲ್ಲಾ, ಆ ಕೈ ಹೆಬ್ಬೆರಳಿನ ಪಟ್ಟಿ ಇನ್ನೂ ಬಿಚ್ಚಿಲ್ವಾ? ಇಸ್ತ್ರಿ ಪೆಟ್ಟಿಗೆ ತಾಗಿದ್ದು ಇನ್ನೂ ಮಾಗಿಲ್ವಾ?" ಎಂದರು.

"ಯಾವ ಪಟ್ಟಿ ಡಾಕ್ಟ್ರೆ? ಅದನ್ನ ಬಿಚ್ಚಿ ಎರಡು ತಿಂಗಳಾಗ್ತಾ ಬಂತು."

ಹೊರಗೆ ಕೂತಿದ್ದವನು ಥಟ್ಟನೆ ಎದ್ದೆ. ಕೇಳದೆ ಹೇಳದೆ ಪರದೆ ಸರಿಸಿ ಒಳಗೆ ಹೋದೆ. ಅವಳ ಎರಡೂ ಕೈ ಬರಿದಾಗಿದ್ದವು. ಟ್ಯಾಬಿನ ಮೂಲೆಗೆ ಅಂಟಿದ್ದ ಪ್ಲಾಸ್ಟರನ್ನು ಉಗುರಿನಿಂದ ಕೆರೆದು ಕಿತ್ತೆ. ಆ ಚೌಕದೊಳಗಿನ ಪಂಕಜಾಕ್ಷಿಯ ಮುಖ ತುಂಬಿಕೊಂಡಿತ್ತು, ಬೊಟ್ಟು ನೆಟ್ಟಗಿತ್ತು, ಕೈಯ ಹೆಬ್ಬೆರಳಿಗೆ ಬಿಳಿಯ ಪಟ್ಟಿ ಸುತ್ತಿತ್ತು. ಅದರಲ್ಲಿ ಸ್ಟೂಲಿನ ಮೇಲೆ ಕಂಡ ಅಂಗಾಲು ಶುದ್ಧವಾಗಿತ್ತು. ಇಬ್ಬರೂ ಅದನ್ನು ನೋಡಿದೆವು, ಇಬ್ಬರಿಗೂ ಒಟ್ಟಿಗೆ ಅರ್ಥವಾಯಿತು.

"ಡಾಕ್ಟ್ರೆ, ಇದು ಹಳತಾಗಿದೆ" ಎಂದೆ. ನಮ್ಮೂರಿನ ಗಾಜಿನ ಸಂಗತಿಯನ್ನು ತೊದಲುತ್ತ ಹೇಳಿದೆ. ಬೇರೆ ಯಾರಾದರೂ ಆಗಿದ್ದರೆ ನಗುತ್ತಿದ್ದರೋ ಏನೋ. ಅವರು ನಗಲಿಲ್ಲ, ಒಂದೇ ಮಾತು ಕೇಳಿದರು. "ನನ್ನ ಮಾತು ನಿಮಗೆ ಈಗಿಂದೀಗಲೇ ಕೇಳ್ತಿದೆ ತಾನೆ? ಹಾಗಾದರೆ ಚಿತ್ರ ಬಿಡಿ. ಯಾರಾದರೂ ಆ ಪಾದವನ್ನ ಕಣ್ಣಾರೆ ನೋಡಿ ನನಗೆ ಹೇಳಿ."

ನಾನು ಬಗ್ಗಿದೆ. ಪಂಕಜಾಕ್ಷಿ ಸರಕ್ಕನೆ ಕಾಲೆಳೆದುಕೊಂಡಳು. "ನೀನು ಬೇಡ" ಎಂದಳು. ಸೀರೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಅಷ್ಟು ಬಾಯಿ ಜೋರಿನ ಹೆಂಗಸು ಅಷ್ಟೊಂದು ಹೆದರಿದ್ದನ್ನು ನಾನು ಕಂಡಿರಲಿಲ್ಲ. ಕಾಲು ಹೋದರೆ ಯಂತ್ರ ಹೋಯಿತು, ಯಂತ್ರ ಹೋದರೆ ತಾನೇ ಇಲ್ಲ ಎಂಬುದು ಅವಳ ಮುಖದಲ್ಲೇ ಇತ್ತು. ಡಾಕ್ಟರು ಅವಸರ ಮಾಡುತ್ತಿದ್ದರು. ಅವಳು ನೆಲ ನೋಡುತ್ತ, ಕೊನೆಗೆ ಬಹಳ ಸಣ್ಣ ದನಿಯಲ್ಲಿ, "ಚಂಪಾನ್ನ ಕರಿ" ಎಂದಳು.

ನಾನು ಬೀದಿಯಲ್ಲಿ ಓಡಿದೆ. ಚಂಪಕ್ಕ ಯಾಕೆ ಏನು ಎಂದು ಕೇಳಲಿಲ್ಲ. ಕೊಬ್ಬರಿ ತುರಿ ಮೆತ್ತಿದ ಕೈಯಲ್ಲೇ ಒಲೆಯನ್ನು ಆರಿಸಿ ನನ್ನ ಹಿಂದೆ ಬಂದಳು. ಸ್ಟುಡಿಯೋದ ನಲ್ಲಿಯಲ್ಲಿ ಮೊಣಕೈವರೆಗೂ ತೊಳೆದುಕೊಂಡು, ಪರದೆಯೊಳಗೆ ನೆಲದ ಮೇಲೆ ಕೂತಳು. ಪಂಕಜಾಕ್ಷಿ ತಾನಾಗಿ ಎಡಗಾಲನ್ನು ಎತ್ತಿ ಅವಳ ತೊಡೆಯ ಮೇಲಿಟ್ಟಳು.

"ಹೇಳಿ ಅಮ್ಮಾ, ಏನು ಕಾಣ್ತದೆ?" ಎಂದರು ಡಾಕ್ಟರು.

ಚಂಪಕ್ಕ ಬೆಳಗಿನ ದನಿಯಲ್ಲೇ ನೋಟ ಹೇಳಿದಳು. ಕೂಡಿಸಲಿಲ್ಲ, ಕಳೆಯಲಿಲ್ಲ. "ಹೆಬ್ಬೆರಳಿನ ಬುಡದಲ್ಲಿ ಹುಣಸೆ ಬೀಜದಷ್ಟು ಕಪ್ಪಗಿದೆ. ನಡುವೆ ತೂತು. ಸುತ್ತ ಕೆಂಪು, ನನ್ನ ಅಂಗೈಯಷ್ಟಗಲ. ಒತ್ತಿದರೆ ಕೀವು ಬರ್ತದೆ, ಗಟ್ಟಿ ಪಾಕದ ಹಾಗೆ. ವಾಸನೆ ಇದೆ. ಕಾಲು ಸುಡ್ತಾ ಇದೆ. ತೂತಿನೊಳಗೆ ಏನೋ ಮಿನುಗ್ತದೆ. ಸೂಜಿಯ ತುಂಡು ಇರಬೇಕು."

"ಕೆಂಪು ಮೇಲಕ್ಕೆ ಹತ್ತಿದೆಯಾ? ಗೆರೆಯ ಹಾಗೆ?"

"ಹಿಮ್ಮಡಿ ದಾಟಿಲ್ಲ. ಗೆರೆ ಇಲ್ಲ. ಬೆರಳುಗಳು ಕೆಂಪಗಿವೆ, ಕಪ್ಪಾಗಿಲ್ಲ."

"ಒಳ್ಳೇದು. ಬಹಳ ಒಳ್ಳೇದು. ಸೂಜಿ ಕೀಳಬೇಡಿ, ಕಾಲು ಊರಿಸಬೇಡಿ. ಶುದ್ಧ ಬಟ್ಟೆ ಸಡಿಲವಾಗಿ ಸುತ್ತಿ ಈಗಲೇ ಹೊರಡಿ. ಘಟ್ಟದ ಕೆಳಗಿನ ಆಸ್ಪತ್ರೆಗೆ ನಾನು ಫೋನ್ ಮಾಡ್ತೀನಿ." ಒಂದು ಉಸಿರು ಬಿಟ್ಟು ಅವರು ಮತ್ತೆ ಹೇಳಿದರು, "ಪಂಕಜಾಕ್ಷಿಯವರೇ, ನೀವು ಸಿಹಿ ತಿಂದಿರಲಿಲ್ಲ. ಈ ಕೀವಿಗೇ ಸಕ್ಕರೆ ಏರಿದ್ದು. ನಾನು ಹಾಗೆ ಕೇಳಬಾರದಿತ್ತು."

ಚಂಪಕ್ಕ ನೋಟ ಮುಗಿಸಿದ ಮೇಲೆಯೇ ಅತ್ತಳು. ಹಾಲಿನ ವ್ಯಾನು ತರಿಸಿ, ಹಿಂದೆ ಚಾಪೆ ಹಾಸಿ, ಪಂಕಜಾಕ್ಷಿಯನ್ನು ಮಲಗಿಸಿದೆವು. ಕಾಲು ದಾರಿಯುದ್ದಕ್ಕೂ ಚಂಪಕ್ಕನ ತೊಡೆಯ ಮೇಲೇ ಇತ್ತು. ಎರಡನೆಯ ತಿರುವಿನಲ್ಲಿ ಪಂಕಜಾಕ್ಷಿ ಕಣ್ಣು ಮುಚ್ಚಿಕೊಂಡೇ, "ನನ್ನ ಬೊಟ್ಟು ಹೆಂಗಿದೆ?" ಎಂದು ಕೇಳಿದಳು.

"ಹುಬ್ಬಿನ ಮೇಲೆ ಹತ್ತಿ ಕೂತಿದೆ. ಇಷ್ಟು ದಿನ ಹಂಗೇ ಮೆರೆದೆಯಲ್ಲ ಮಾರಾಯ್ತಿ."

ಆಸ್ಪತ್ರೆಯಲ್ಲಿ ಕಾಯುತ್ತಿದ್ದರು. ಯಂತ್ರದ ಸೂಜಿ ಮುರಿದಾಗ ತುದಿ ನೆಲಕ್ಕೆ ಬಿದ್ದಿರಬೇಕು, ಬರಿಗಾಲಿನಲ್ಲಿ ತುಳಿದ ಅವಳಿಗೆ ಅದು ಹೊಕ್ಕದ್ದೇ ತಿಳಿದಿರಲಿಲ್ಲ. ಅದನ್ನು ತೆಗೆದರು, ಕೀವು ಬಸಿದರು. ನಾನು ಮತ್ತು ಚಂಪಕ್ಕ ಬಾಗಿಲ ಹೊರಗಿನ ಬೆಂಚಿನಲ್ಲಿ ಕೂತಿದ್ದೆವು. ಕಾಲು ಉಳಿಯಿತು, ಒಂದು ಬೆರಳೂ ತೆಗೆಯಬೇಕಾಗಲಿಲ್ಲ, ಇನ್ನೆರಡು ದಿನ ತಡವಾಗಿದ್ದರೆ ಈ ಮಾತು ಹೇಳಲಾಗುತ್ತಿರಲಿಲ್ಲ ಎಂದು ಅಲ್ಲಿನ ಡಾಕ್ಟರು ಹೊರಗೆ ಬಂದು ಹೇಳಿದಾಗ ನನಗೆ ಹೋದ ಜೀವ ಬಂದ ಹಾಗಾಯಿತು. ಚಂಪಕ್ಕ ಎದ್ದು ಅವರಿಗೆ ಕೈ ಮುಗಿದಳು, ಆಮೇಲೆ ಯಾಕೋ ನನಗೂ ಮುಗಿದಳು. ಕೀವು ಹೋದ ಮೇಲೆ ಸಕ್ಕರೆ ತಾನಾಗಿ ಇಳಿಯತೊಡಗಿತು.

ಎಸ್ತರ್ ಓಡಿ ಬಂದಳು. ಹೊಸ ಟ್ಯಾಬ್ ಕಳಿಸೋಣವೇ ಎಂದು ನಗರದವರು ಕೇಳಿದರು. ಕಳಿಸಿದರೆ ಊರಿನವರು ಮತ್ತೆ ಸಾಲು ನಿಂತು ಅದನ್ನೂ ಹಳತು ಮಾಡುತ್ತಾರೆ ಎಂದು ನಾನೇ ಹೇಳಿದೆ. ಡಾಕ್ಟರು ಬೇರೆ ದಾರಿ ಕಂಡುಕೊಂಡರು. ಇನ್ನು ಮೇಲೆ ಪರದೆಯೊಳಗೆ ಯಾರೂ ಒಬ್ಬರೇ ಹೋಗುವಂತಿಲ್ಲ, ಎದುರುಮನೆಯವರು ಜೊತೆಗಿರಬೇಕು. ಬಿಲ್ಲೆಯ ಲೆಕ್ಕವನ್ನು ಅವರು ಮೊದಲೇ ನೋಡಿರುತ್ತಾರೆ. ಆಮೇಲೆ ಚಿತ್ರದಿಂದ ಕಣ್ಣು ತೆಗೆದು, ಕಿವಿಗೊಟ್ಟು ನೋಟ ಕೇಳುತ್ತಾರೆ. ಅಂಗಾಲು ತೋರಿಸುವುದಕ್ಕೆ ಮೊದಮೊದಲು ಹಿರಿಯರು ಮೂಗು ಮುರಿದರು. ಹುಚ್ಚೇಗೌಡರ ಬೆರಳ ಸಂದಿಯಲ್ಲಿ ಬಿರುಕು ಬಿಟ್ಟದ್ದನ್ನು ಎದುರುಮನೆಯ ಸೊಸೆ ಸಕಾಲಕ್ಕೆ ಹೇಳಿದ ಮೇಲೆ ಅವರೇ ಎಲ್ಲರಿಗಿಂತ ಮುಂದೆ ಕಾಲು ಚಾಚತೊಡಗಿದರು. ಬೆಳಗಿನ ನೋಟವೂ ಅಂಗಾಲಿನವರೆಗೆ ಇಳಿಯಿತು. ಈಗ ಬೆಳಿಗ್ಗೆ ನಮ್ಮ ಬೀದಿಗೆ ಹೊಸಬರು ಬಂದರೆ, ಹೊಸ್ತಿಲು ಹೊಸ್ತಿಲಲ್ಲೂ ಬಾಗಿಲು ಹಿಡಿದು ಒಂಟಿಕಾಲಿನಲ್ಲಿ ನಿಂತವರನ್ನು ಕಂಡು ಏನೆಂದುಕೊಳ್ಳುತ್ತಾರೋ ಗೊತ್ತಿಲ್ಲ.

ಪಂಕಜಾಕ್ಷಿಯ ಗಾಯ ಮಾಗಲು ಕಾಲ ಹಿಡಿಯಿತು. ಅದು ಪೂರ್ತಿ ಒಣಗಿದ ಮೇಲಿನ ಒಂದು ಭೇಟಿಯಲ್ಲಿ, ಪರದೆಯೊಳಗಿನಿಂದ ಅವಳು ಕಿರುಚಿದ್ದು ಕೇಳಿ ನಾನು ನುಗ್ಗಿದೆ. ಪ್ಲಾಸ್ಟರ್ ಕಿತ್ತ ಮೂಲೆಯ ಚೌಕದಲ್ಲಿ ಅವಳ ಅಂಗಾಲು ಕಾಣುತ್ತಿತ್ತು. ಕಪ್ಪು, ತೂತು, ಸುತ್ತಲಿನ ಕೆಂಪು ಎಲ್ಲವೂ ಇತ್ತು. ಟ್ಯಾಬ್ ತನ್ನ ಸೋಮಾರಿ ನಡಿಗೆಯಲ್ಲಿ ಆ ದಿನಗಳಿಗೆ ಈಗ ಬಂದು ಮುಟ್ಟಿತ್ತು. ಚಂಪಕ್ಕನ ಬಾಯಲ್ಲಿ ಕೇಳಿದ್ದನ್ನು ಪಂಕಜಾಕ್ಷಿ ಕಣ್ಣಾರೆ ನೋಡಿದ್ದು ಅದೇ ಮೊದಲು. ಡಾಕ್ಟರೂ ಎಲ್ಲ ಗೊತ್ತಿದ್ದೂ ಗಾಬರಿಯಾಗಿ, "ಅಯ್ಯೋ, ಇದೇನಿದು?" ಎಂದರು.

"ಅದನ್ಯಾಕೆ ನೋಡ್ತೀರಿ ಇಬ್ಬರೂ?" ಎಂದು ಚಂಪಕ್ಕ ಗದರಿದಳು. ಸೆರಗಿನ ತುದಿಯಿಂದ ಟ್ಯಾಬನ್ನು ಮುಚ್ಚಿದಳು. ತೊಡೆಯ ಮೇಲಿದ್ದ ಪಾದವನ್ನು ಎರಡೂ ಕೈಯಲ್ಲಿ ಎತ್ತಿ ಬೆಳಕಿಗೆ ಹಿಡಿದಳು. "ನೋಟ ನಾನು ಹೇಳ್ತೀನಿ, ಕೇಳಿ. ಹೆಬ್ಬೆರಳಿನ ಬುಡದಲ್ಲಿ ಹೊಸ ಚರ್ಮ ಬಂದಿದೆ, ಎಳೆ ಗುಲಾಬಿ. ಒತ್ತಿದರೆ ಏನೂ ಬರಲ್ಲ. ಬಿಸಿ ಇಲ್ಲ. ವಾಸನೆ ಇಲ್ಲ. ಹಿಮ್ಮಡಿಯಲ್ಲಿ ಯಂತ್ರದ ಎಣ್ಣೆ ಮೆತ್ತಿದೆ, ಇವಳು ಬರೋ ಮುಂಚೆ ಸರಿಯಾಗಿ ಕಾಲು ತೊಳೆದಿಲ್ಲ."

"ತೊಳೆದಿದ್ದೀನಿ" ಎಂದಳು ಪಂಕಜಾಕ್ಷಿ, ಕಣ್ಣೊರೆಸಿಕೊಳ್ಳುತ್ತ.

"ಇದ್ದದ್ದು ಹೇಳ್ದೆ ಕಣೇ. ಗಾಯ ಇಲ್ಲ. ಎಣ್ಣೆ ಇದೆ."

ಸೆರಗಿನ ಹಿಂದಿನಿಂದ ಡಾಕ್ಟರು ನಕ್ಕದ್ದು ಕೇಳಿಸಿತು. ಪಂಕಜಾಕ್ಷಿಯೂ ನಕ್ಕಳು. ನಕ್ಕು, ಬಗ್ಗಿ, ತನ್ನ ಅಂಗಾಲಿನ ಆ ಜಾಗವನ್ನು ಬೆರಳಿನಿಂದ ಒಮ್ಮೆ ಮುಟ್ಟಿ ನೋಡಿ, ಮನೆಯಲ್ಲಿ ಅರ್ಧ ಹೊಲಿದಿಟ್ಟ ರವಿಕೆ ಕಾಯುತ್ತಿದೆ ಎಂದು ಎದ್ದಳು. ಸ್ವಲ್ಪ ಹೊತ್ತಿನಲ್ಲೇ ಬೀದಿಯಾಚೆಯಿಂದ ಯಂತ್ರ ತುಳಿಯುವ ಸದ್ದು ಕೇಳಿಬಂತು.